ಮಕ್ಕಳ ನೆಮ್ಮದಿ, ಮೇಷ್ಟ್ರ ನೆಮ್ಮದಿ

1995ರಲ್ಲಿ ಹೆಗ್ಗಡದೇವನಕೋಟೆ (ಎಚ್.ಡಿ. ಕೋಟೆ) ತಾಲ್ಲೂಕಿನ ಒಂದಷ್ಟು ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಗೆ ಹೋದರು. ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಒಬ್ಬರೇ ಶಿಕ್ಷಕರು ಬೇರೆ ಬೇರೆ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು, ಪಠ್ಯಪುಸ್ತಕದ ಬದಲು ಕಾರ್ಡುಗಳಿಂದ ಕಲಿಸುತ್ತಿದ್ದರು. ನೋಡಿ ಬಂದವರು ಯುನಿಸೆಫ್ ನೆರವಿನಿಂದ ತಮ್ಮ ತಾಲ್ಲೂಕಿಗೆ ಹೊಂದುವ ಕಾರ್ಡುಗಳನ್ನು ತಾವೇ ಬರೆದರು, ಹಾಡು ಕಟ್ಟಿದರು, ಆಟ ಹೊಂದಿಸಿದರು. ‘ನಲಿ-ಕಲಿ’ ಹುಟ್ಟಿದ್ದು ಹೀಗೆ. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆಲ್ಲ ಹಬ್ಬಿತು, ಆಮೇಲೆ ಮೂರನೇ ತರಗತಿಗೂ ಬಂತು.

ನಲಿ-ಕಲಿ ಕೊಠಡಿಯಲ್ಲಿ ಮೇಷ್ಟ್ರು ಕುರ್ಚಿ ಬಿಟ್ಟು ಮಕ್ಕಳ ಜೊತೆ ನೆಲದ ಮೇಲೆ ಕೂರುತ್ತಾರೆ. ಕಪ್ಪುಹಲಗೆ ಮಗುವಿನ ಕೈಗೆಟಕುವಷ್ಟು ಕೆಳಗಿರುತ್ತದೆ. ತಲೆಯ ಮೇಲಿನ ದಾರದ ಚಪ್ಪರದಲ್ಲಿ ಮಕ್ಕಳು ಬರೆದ ಚಿತ್ರಗಳು ತೂಗುತ್ತವೆ. ಕಾರ್ಡುಗಳನ್ನು ಮೆಟ್ಟಿಲಾಗಿ ಜೋಡಿಸಿದ ಕಲಿಕಾ ಏಣಿಯನ್ನು ಪ್ರತಿ ಮಗುವೂ ತನ್ನ ವೇಗದಲ್ಲಿ ಹತ್ತುತ್ತದೆ. ಹದಿನೈದು ದಿನ ಶಾಲೆಗೆ ಬಾರದೆ ಮರಳಿದರೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಇಷ್ಟಕ್ಕೂ ಆಧಾರವಾದ ನಂಬಿಕೆ ಒಂದೇ: ಹೆದರಿದ ಮಗು ಕಲಿಯಲಾರದು. ಹದಿನಾಲ್ಕು ವರ್ಷಗಳ ಬಳಿಕ ಇದೇ ಮಾತು ಕಾನೂನಿನೊಳಗೂ ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. 29ನೇ ಸೆಕ್ಷನ್ ಪಠ್ಯಕ್ರಮವೆನ್ನುವುದು ಮಗುವನ್ನು ಭಯ, ಆಘಾತ, ಆತಂಕಗಳಿಂದ ಮುಕ್ತಗೊಳಿಸುವಂತಿರಬೇಕು ಎಂದಿತು.

ಮಗು ಎಷ್ಟು ಕಲಿತಿದೆ ಎಂದು ತಿಳಿಯಲು ನಮ್ಮಲ್ಲಿ ಮೈಲಿಗಲ್ಲುಗಳಿವೆ, ಪ್ರಗತಿ ನೋಟವಿದೆ, ಅಂಕಪಟ್ಟಿಯಿದೆ. ಆ ಮಗು ಶಾಲೆಯಲ್ಲಿ ಭಯವಿಲ್ಲದೆ ಇದೆಯೇ, ಅದಕ್ಕೆ ಕಲಿಸುವವರು ನೆಮ್ಮದಿಯಿಂದ ಇದ್ದಾರೆಯೇ ಎಂದು ತಿಳಿಯಲು ಏನಿದೆ? ಕಾನೂನು ಕೇಳುವ ಈ ಸಂಗತಿಯನ್ನು ಅಳೆಯಲು ಸಾಧ್ಯವೇ? ಸಾಧ್ಯ ಎನ್ನುತ್ತದೆ ವಿಜ್ಞಾನ, ಆದರೆ ಕೆಲವು ಷರತ್ತುಗಳನ್ನೂ ಹಾಕುತ್ತದೆ. ಆ ಷರತ್ತುಗಳು ಎಷ್ಟು ಮುಖ್ಯವೆಂದು ತಿಳಿಯಲು ನಲಿ-ಕಲಿ ಹುಟ್ಟಿದ ಸೀಮೆಗಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಮೈಸೂರು–ಮಾನಂದವಾಡಿ ರಸ್ತೆಯ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯನ್ನು ನಡುವೆ ಇಟ್ಟುಕೊಂಡು ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರಗಳ ಕಡೆ ನೋಡೋಣ.

ಪ್ರಶ್ನೆಯಿಂದ ಅಂಕೆಗೆ

ನೆಮ್ಮದಿಯನ್ನು ಅಳೆಯುವ ಅತಿ ಸರಳ ಸಾಧನಗಳಲ್ಲಿ ಒಂದು, ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಹೊರತಂದ ಐದು ಪ್ರಶ್ನೆಗಳ ಸೂಚ್ಯಂಕ. ಕಳೆದ ಎರಡು ವಾರದಲ್ಲಿ ಮನಸ್ಸು ಉಲ್ಲಾಸವಾಗಿತ್ತೇ, ಸಮಾಧಾನವಿತ್ತೇ, ಮೈಯಲ್ಲಿ ಚುರುಕಿತ್ತೇ, ಬೆಳಿಗ್ಗೆ ಏಳುವಾಗ ದಣಿವು ಆರಿತ್ತೇ, ದಿನದ ಕೆಲಸಗಳಲ್ಲಿ ಆಸಕ್ತಿ ಇತ್ತೇ ಎಂಬ ಐದು ವಿಷಯಗಳನ್ನು ಅದು ಕೇಳುತ್ತದೆ. ಒಂದೊಂದಕ್ಕೂ ‘ಒಮ್ಮೆಯೂ ಇಲ್ಲ’ ಎಂದರೆ 0, ‘ಯಾವಾಗಲೂ’ ಎಂದರೆ 5. ಒಟ್ಟು 25ರೊಳಗೆ ಬರುವ ಮೊತ್ತವನ್ನು ನಾಲ್ಕರಿಂದ ಗುಣಿಸಿದರೆ 100ರ ಅಳತೆಗೆ ಬರುತ್ತದೆ. ಹುಡುಗಿಯೊಬ್ಬಳು 3, 2, 3, 1, 3 ಎಂದು ಉತ್ತರಿಸಿದರೆ ಮೊತ್ತ 12, ಅಂಕ 48. ಅಂಕ 50ಕ್ಕಿಂತ ಕೆಳಗೆ ಬಂದರೆ ಆ ಮಗುವಿನ ಜೊತೆ ಕೂತು ಮಾತಾಡಬೇಕು ಎಂಬುದು ರೂಢಿ. ಇದರಿಂದ ರೋಗ ಪತ್ತೆಯಾಗುವುದಿಲ್ಲ. ಯಾರತ್ತ ಮೊದಲು ಗಮನ ಕೊಡಬೇಕು ಎಂಬುದು ತಿಳಿಯುತ್ತದೆ.

ಬ್ರಿಟನ್ನಿನ ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ರೂಪಿಸಿದ 25 ಪ್ರಶ್ನೆಗಳ ಪಟ್ಟಿ ಬೇರೆ ದಾರಿ ಹಿಡಿಯುತ್ತದೆ. ಅದು ಮಗುವಿನ ಭಾವನೆ, ನಡವಳಿಕೆ, ಚಂಚಲತೆ, ಓರಗೆಯವರ ಜೊತೆಗಿನ ಒಡನಾಟ, ಇತರರಿಗೆ ನೆರವಾಗುವ ಗುಣ ಎಂಬ ಐದು ಭಾಗಗಳನ್ನು ನೋಡುತ್ತದೆ. ಅದರ ಹೆಚ್ಚುಗಾರಿಕೆ ಎಂದರೆ ಹೆತ್ತವರೂ ಶಿಕ್ಷಕರೂ ಅದನ್ನು ತುಂಬಬಹುದು. ಹನ್ನೊಂದು ದಾಟಿದ ಮಗು ತಾನೇ ತುಂಬಬಹುದು. ಮನೆಯಲ್ಲಿ ಕಂಡ ಮಗುವೂ ಶಾಲೆಯಲ್ಲಿ ಕಂಡ ಮಗುವೂ ಎಷ್ಟೋ ಸಲ ಬೇರೆ ಬೇರೆ ಆಗಿರುತ್ತವೆ. ಆ ವ್ಯತ್ಯಾಸದಲ್ಲೇ ಸುಳಿವು ಸಿಗುತ್ತದೆ.

ಓದಲು ಬಾರದ, ಬರೆಯಲು ಹಿಂಜರಿಯುವ ಮಕ್ಕಳಿಗೆ ಏನು ಮಾಡುವುದು? ಬೆಂಗಳೂರಿನಲ್ಲಿ 1999ರಲ್ಲಿ ಶುರುವಾದ ಡ್ರೀಮ್ ಎ ಡ್ರೀಮ್ ಸಂಸ್ಥೆ ಮನಶ್ಶಾಸ್ತ್ರಜ್ಞರ ಜೊತೆ ಸೇರಿ 2014ರಲ್ಲಿ ಒಂದು ಅಳತೆ ಪ್ರಕಟಿಸಿತು. ಅದರಲ್ಲಿ ಮಗು ಏನನ್ನೂ ತುಂಬಬೇಕಿಲ್ಲ. ಮಗು ಇತರರೊಡನೆ ಹೇಗೆ ಬೆರೆಯುತ್ತದೆ, ಕಷ್ಟ ಬಂದಾಗ ಹೇಗೆ ದಾಟುತ್ತದೆ, ತಾನಾಗಿ ಮುಂದೆ ಬರುತ್ತದೆಯೇ, ಜಗಳವನ್ನು ಹೇಗೆ ನಿಭಾಯಿಸುತ್ತದೆ, ಹೇಳಿದ್ದನ್ನು ಗ್ರಹಿಸಿ ನಡೆಯುತ್ತದೆಯೇ ಎಂಬ ಐದನ್ನು ಅದರೊಡನೆ ಒಡನಾಡುವ ದೊಡ್ಡವರು ಗಮನಿಸಿ ಅಂಕ ಕೊಡುತ್ತಾರೆ. ಬಡತನದ, ಅಸ್ಥಿರ ಮನೆಗಳ ಮಕ್ಕಳ ನಡುವೆ ಕೆಲಸ ಮಾಡುತ್ತಲೇ ಹುಟ್ಟಿದ ಈ ಅಳತೆ ಕರ್ನಾಟಕದ್ದೇ.

ಅಳತೆ ಯಾವುದೇ ಇರಲಿ, ಅದು ಎರಡು ಪರೀಕ್ಷೆಗಳಲ್ಲಿ ಗೆಲ್ಲಬೇಕು. ಹಾಲಿನ ಡೇರಿಯಲ್ಲಿ ಒಂದೇ ಕ್ಯಾನಿನ ಹಾಲನ್ನು ಎರಡು ಸಲ ನೋಡಿದರೆ ಲ್ಯಾಕ್ಟೋಮೀಟರ್ ಒಂದೇ ಅಂಕಿ ತೋರಿಸಬೇಕು; ಇದು ವಿಶ್ವಾಸಾರ್ಹತೆ. ಆದರೆ ನೀರು ಬೆರೆಸಿ ಮೇಲೆ ಸಕ್ಕರೆ ಕರಗಿಸಿದ ಹಾಲೂ ಅದೇ ಅಂಕಿ ತೋರಿಸಬಹುದು, ಏಕೆಂದರೆ ಲ್ಯಾಕ್ಟೋಮೀಟರ್ ಅಳೆಯುವುದು ಸಾಂದ್ರತೆಯನ್ನೇ ಹೊರತು ಹಾಲಿನ ಒಳ್ಳೆಯತನವನ್ನಲ್ಲ. ನಾವು ಅಳೆಯುತ್ತಿರುವುದು ನಿಜಕ್ಕೂ ನಾವು ಅಂದುಕೊಂಡದ್ದನ್ನೇ ಎಂಬ ಖಾತರಿ ಎರಡನೆಯ ಪರೀಕ್ಷೆ. ಅದಕ್ಕೆ ಸಿಂಧುತ್ವ ಎನ್ನುತ್ತಾರೆ. ನೆಮ್ಮದಿಯ ಅಳತೆಗಳು ಸಾಮಾನ್ಯವಾಗಿ ಸೋಲುವುದು ಈ ಎರಡನೆಯದರಲ್ಲಿ.

‘ಚೆನ್ನಾಗಿದೀವಿ ಸಾರ್’

ಹಳ್ಳಿಯ ಶಾಲೆಗೆ ಹೊರಗಿನವರು ಹೋಗಿ ‘ಶಾಲೆ ಇಷ್ಟಾನಾ?’ ಎಂದು ಕೇಳಿದರೆ ಇಡೀ ತರಗತಿ ಒಂದೇ ದನಿಯಲ್ಲಿ ‘ಹೂಂ ಸಾರ್’ ಎನ್ನುತ್ತದೆ. ದೊಡ್ಡವರಿಗೆ ಒಪ್ಪಿಗೆಯಾಗುವ ಉತ್ತರ ಕೊಡುವುದನ್ನು ಮಕ್ಕಳು ಬೇಗ ಕಲಿಯುತ್ತಾರೆ. ಪಕ್ಕದಲ್ಲಿ ಮೇಷ್ಟ್ರು ನಿಂತಿದ್ದರಂತೂ ಬೇರೆ ಉತ್ತರ ಬರುವುದೇ ಇಲ್ಲ. ಆದ್ದರಿಂದ ಮೊದಲನೆಯ ನಿಯಮ: ಮಗು ಒಂಟಿಯಾಗಿ, ತನ್ನ ಹೆಸರು ಬರೆಯದೆ ಅಥವಾ ಹೆಸರು ಯಾರಿಗೆ ಗೊತ್ತಾಗುತ್ತದೆಂದು ತಿಳಿದುಕೊಂಡು ಉತ್ತರಿಸಬೇಕು, ಮತ್ತು ತನಗೆ ಅಂಕ ಕೊಡುವವರ ಎದುರು ಉತ್ತರಿಸುವಂತಾಗಬಾರದು. ಕೆಲವು ಪ್ರಶ್ನೆಗಳನ್ನು ತಿರುಗಿಸಿಯೂ ಕೇಳಬೇಕು. ‘ಶಾಲೆಯಲ್ಲಿ ನನಗೆ ಗೆಳೆಯರಿದ್ದಾರೆ’ ಎಂಬುದಕ್ಕೂ ‘ಶಾಲೆಯಲ್ಲಿ ನಾನು ಒಬ್ಬಂಟಿ’ ಎಂಬುದಕ್ಕೂ ಒಂದೇ ಮಗು ‘ಹೂಂ’ ಎಂದರೆ, ಅದು ನಮ್ಮ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ ಎಂದೇ ತಿಳಿಯಬೇಕು.

ಎರಡನೆಯದು ಭಾಷೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಕನ್ನಡದ ಜೊತೆಗೆ ಜೇನುಕುರುಬ, ಬೆಟ್ಟಕುರುಬ, ಯರವ ಮಕ್ಕಳ ಮನೆಮಾತುಗಳಿವೆ, ಉರ್ದು ಇದೆ, ಪಿರಿಯಾಪಟ್ಟಣದ ಬೈಲಕುಪ್ಪೆ ಮತ್ತು ಹುಣಸೂರಿನ ಗುರುಪುರದ ನಿರಾಶ್ರಿತರ ನೆಲೆಗಳಲ್ಲಿ ಟಿಬೆಟನ್ ಇದೆ. ಹಾಡಿಯಿಂದ, ಅಂದರೆ ಆದಿವಾಸಿ ಕೇರಿಯಿಂದ, ವಸತಿಯುಳ್ಳ ಆಶ್ರಮ ಶಾಲೆಗೆ ಬರುವ ಆರು ವರ್ಷದ ಜೇನುಕುರುಬ ಮಗುವಿಗೆ ಶಾಲೆಯ ಕನ್ನಡವೇ ಹೊಸದು. ಮುದ್ರಿತ ಪ್ರಶ್ನಾವಳಿಯ ಕನ್ನಡ ಇನ್ನೂ ದೂರದ್ದು. ಇಂಗ್ಲಿಷಿನಿಂದ ಕನ್ನಡಕ್ಕೆ ತಂದು, ಮತ್ತೊಬ್ಬರಿಂದ ಇಂಗ್ಲಿಷಿಗೆ ಮರಳಿಸಿ ಹೋಲಿಸಿ ನೋಡುವುದು ಸಂಶೋಧಕರ ಹಳೆಯ ಪದ್ಧತಿ. ಅದು ಬೇಕು, ಆದರೆ ಸಾಲದು. ಪ್ರಶ್ನೆ ಓದಿ ಹೇಳಿದ ಮೇಲೆ ‘ನಿನಗೆ ಏನು ಅರ್ಥ ಆಯ್ತು, ಹೇಳು ಕಂದ’ ಎಂದು ಹಾಡಿಯ ಹತ್ತಾರು ಮಕ್ಕಳನ್ನು ಕೇಳಬೇಕು. ಆ ಮಾತು ಬಲ್ಲ ಹಾಡಿಯವರೇ ಒಬ್ಬರು ಕೇಳುವಂತಾಗಬೇಕು. ಅವರ ವಿವರಣೆ ನಮ್ಮ ಉದ್ದೇಶದ ಹತ್ತಿರ ಬರುವ ತನಕ ಪ್ರಶ್ನೆಯನ್ನು ತಿದ್ದುತ್ತಿರಬೇಕು.

ಮೂರನೆಯದು ಹೋಲಿಕೆ. ‘ನಾನು ಚೆನ್ನಾಗಿದ್ದೇನೆ’ ಎನ್ನುವಾಗ ಮಗು ತನ್ನನ್ನು ಯಾರ ಜೊತೆ ಹೋಲಿಸಿಕೊಳ್ಳುತ್ತದೆ? ಅಮೆರಿಕದ ಬಾಸ್ಟನ್ನಿನ ಶಾಲೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪರೀಕ್ಷೆಯಲ್ಲೂ ಹಾಜರಾತಿಯಲ್ಲೂ ಮುಂದಿದ್ದ ಶಿಸ್ತಿನ ಶಾಲೆಗಳ ಮಕ್ಕಳೇ ತಮ್ಮ ಶ್ರದ್ಧೆಗೆ ತಾವೇ ಕಡಿಮೆ ಅಂಕ ಕೊಟ್ಟುಕೊಂಡಿದ್ದರು. ಸುತ್ತಲಿನವರೆಲ್ಲ ಶ್ರಮಪಡುವುದನ್ನು ಕಂಡು ಅವರ ಮಾನದಂಡವೇ ಏರಿತ್ತು ಎಂದು ಸಂಶೋಧಕರು ವಿವರಿಸಿದರು. ಇದರ ಇನ್ನೊಂದು ಮುಖವನ್ನು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಬಹಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ: ದೀರ್ಘಕಾಲ ಕೊರತೆಯಲ್ಲಿ ಬದುಕಿದವರು ಆಸೆಯನ್ನೇ ಕುಗ್ಗಿಸಿಕೊಂಡು ಸಮಾಧಾನ ಹೇಳಿಕೊಳ್ಳುತ್ತಾರೆ. ಬೆಳಗಿನ ತಿಂಡಿ ಇಲ್ಲದೆಯೇ ಬರುವುದು ರೂಢಿಯಾದ ಮಗು ‘ಚೆನ್ನಾಗಿದೀನಿ’ ಎಂದರೆ ಆ ಮಾತನ್ನು ಗೌರವಿಸಬೇಕು, ಆದರೆ ಬೆಳಿಗ್ಗೆ ಏನು ತಿಂದೆ ಎಂದೂ ಕೇಳಬೇಕು. ನಿದ್ದೆ, ಊಟ, ಶೌಚಾಲಯ, ಶಾಲೆಯ ದಾರಿ, ಕಾಯಿಲೆ ಇವನ್ನೆಲ್ಲ ಮನಸ್ಸಿನ ಪ್ರಶ್ನೆಗಳ ಪಕ್ಕದಲ್ಲಿಟ್ಟು ಓದಿದಾಗಲೇ ಅಂಕೆಗೆ ಅರ್ಥ ಬರುತ್ತದೆ.

ಋತು ನೋಡಿ ಕೇಳಬೇಕು

ಹುಣಸೂರು ಮತ್ತು ಪಿರಿಯಾಪಟ್ಟಣ ಹೊಗೆಸೊಪ್ಪಿನ ಸೀಮೆ. ಜುಲೈಯಿಂದ ಎಲೆ ಮುರಿಯುವ ಕೆಲಸ ಶುರುವಾಗುತ್ತದೆ. ಒಣಗಿಸುವ ಬ್ಯಾರನ್ನಿನಲ್ಲಿ ಎಲೆ ಹದವಾಗುವಷ್ಟು ದಿನ ಹಗಲು ರಾತ್ರಿ ಸೌದೆ ಒಟ್ಟಿ ಕಾವು ಕಾಯಬೇಕು. ಮನೆಮಂದಿ ನಿದ್ದೆಗೆಡುತ್ತಾರೆ, ಮಕ್ಕಳು ಎಲೆ ಕಟ್ಟಲು, ಬಿಡಿಸಲು ಕೈ ಹಾಕುತ್ತಾರೆ. ಹಸಿ ಎಲೆಯ ನಿಕೋಟಿನ್ ಚರ್ಮದ ಮೂಲಕ ಮೈಗೆ ಸೇರಿದರೆ ವಾಕರಿಕೆ, ತಲೆಸುತ್ತು ಬರುತ್ತದೆ. ಸೆಪ್ಟೆಂಬರಿನಲ್ಲಿ ಈ ಊರುಗಳ ಮಗುವನ್ನು ‘ಬೆಳಿಗ್ಗೆ ಏಳುವಾಗ ದಣಿವು ಆರಿರುತ್ತದೆಯೇ’ ಎಂದು ಕೇಳಿ ಕಡಿಮೆ ಅಂಕ ಬಂದರೆ, ಅದನ್ನು ಶಾಲೆಯ ತಪ್ಪೆಂದೋ ಮನಸ್ಸಿನ ರೋಗವೆಂದೋ ಬರೆದುಕೊಳ್ಳುವುದು ಅನ್ಯಾಯ. ಅದೇ ಹೊತ್ತಿನಲ್ಲಿ ಕಾವೇರಿ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಕೆ.ಆರ್. ನಗರದ ಮಗುವಿನ ದಿನಚರಿ ಬೇರೆಯೇ ಇರುತ್ತದೆ. ಎರಡು ತಾಲ್ಲೂಕುಗಳ ಅಂಕಗಳನ್ನು ಪಕ್ಕಪಕ್ಕ ಇಟ್ಟು ಇವರು ಮುಂದು, ಅವರು ಹಿಂದು ಎಂದರೆ ನಾವು ಹೋಲಿಸಿದ್ದು ಬೆಳೆಗಳನ್ನು, ಶಾಲೆಗಳನ್ನಲ್ಲ.

ಎಚ್.ಡಿ. ಕೋಟೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಬಿನಿ ಅಣೆಕಟ್ಟಿನಿಂದ ನೆಲೆ ಕಳೆದುಕೊಂಡವರು, ನಾಗರಹೊಳೆ ಮತ್ತು ಬಂಡೀಪುರದ ಕಾಡಿನಿಂದ ಹೊರಬಂದವರು ಇಲ್ಲಿದ್ದಾರೆ. ಕಾಫಿ ಹಣ್ಣಿನ ಕಾಲದಲ್ಲಿ ಹಾಡಿಗಳ ಅನೇಕ ಕುಟುಂಬಗಳು ಕೊಡಗಿನ ತೋಟಗಳಿಗೆ ಕೂಲಿಗೆ ಹೋಗುತ್ತವೆ, ಮಕ್ಕಳೂ ಜೊತೆಗೆ ಹೋಗುತ್ತಾರೆ. ಜನವರಿಯಲ್ಲಿ ಶಾಲೆಗೆ ಹೋಗಿ, ಇದ್ದ ಮಕ್ಕಳಿಗೆ ಪ್ರಶ್ನಾವಳಿ ಕೊಟ್ಟು ‘ಸರಾಸರಿ 68’ ಎಂದು ಬರೆದುಕೊಂಡು ಬಂದೆವು ಎನ್ನಿ. ಉತ್ತರ ಕೊಟ್ಟವರು ಶಾಲೆಯಲ್ಲಿ ಉಳಿದವರು ಮಾತ್ರ. ತೋಟದ ಲೈನ್ ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳುತ್ತಿರುವ ಹುಡುಗಿ, ಬೈಗುಳಕ್ಕೆ ಹೆದರಿ ಆಶ್ರಮ ಶಾಲೆಯಿಂದ ಮನೆಗೆ ಓಡಿಹೋದ ಹುಡುಗ ನಮ್ಮ ಸರಾಸರಿಯಲ್ಲಿ ಇಲ್ಲವೇ ಇಲ್ಲ. ಅತಿ ಕಷ್ಟದಲ್ಲಿರುವ ಮಕ್ಕಳು ಶಾಲೆ ಬಿಟ್ಟಷ್ಟೂ ಶಾಲೆಯ ನೆಮ್ಮದಿಯ ಸರಾಸರಿ ಏರುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕಿಂತ ಕ್ರೂರವಾದ ಭ್ರಮೆ ಕಡಿಮೆ.

ಆದ್ದರಿಂದ ಹಾಜರಿ ಪುಸ್ತಕವನ್ನೂ ನೆಮ್ಮದಿಯ ಅಳತೆಯೆಂದು ಓದಬೇಕು. ಯಾವ ಮಗು ಯಾವ ತಿಂಗಳಲ್ಲಿ ಎಷ್ಟು ದಿನ ಬಂದಿಲ್ಲ, ಸೋಮವಾರಗಳಂದೇ ತಪ್ಪುತ್ತಿದೆಯೇ, ನಿರ್ದಿಷ್ಟ ವಯಸ್ಸಿನ ನಂತರ ಹೆಣ್ಣುಮಕ್ಕಳು ತಿಂಗಳಿಗೆ ಕೆಲವು ದಿನ ಗೈರಾಗುತ್ತಿದ್ದಾರೆಯೇ ಎಂಬ ವಿವರ ಪ್ರತಿ ಶಾಲೆಯ ಬೀರುವಿನಲ್ಲಿ ಈಗಾಗಲೇ ಇದೆ. ಅದಕ್ಕೆ ಹೊಸ ಖರ್ಚಿಲ್ಲ, ಭಾಷಾಂತರ ಬೇಡ. ಪ್ರಶ್ನಾವಳಿಯಲ್ಲಿ ಬರದ ಮಕ್ಕಳು ಅಲ್ಲಿ ಸಿಗುತ್ತಾರೆ.

ಚಿಕ್ಕ ಶಾಲೆಗಳ ಲೆಕ್ಕವೂ ಬೇರೆ. ಹನ್ನೆರಡು ಮಕ್ಕಳ ಶಾಲೆಯಲ್ಲಿ ಒಂದೇ ಮಗುವಿನ ಅಂಕ 36ರಷ್ಟು ಕುಸಿದರೆ ಶಾಲೆಯ ಸರಾಸರಿ 3 ಇಳಿಯುತ್ತದೆ. ಮಕ್ಕಳ ಅಂಕಗಳು ಸರಾಸರಿಯ ಸುತ್ತ 20ರಷ್ಟು ಹರಡಿವೆ ಎಂದಿಟ್ಟುಕೊಂಡರೆ, ಹನ್ನೆರಡು ಮಕ್ಕಳ ಸರಾಸರಿ ಬರೀ ಆಕಸ್ಮಿಕದಿಂದಲೇ ಸುಮಾರು 11 ಅಂಕ ಮೇಲೆ ಕೆಳಗೆ ಆಗಬಹುದು; ನಾನೂರು ಮಕ್ಕಳಿದ್ದರೆ ಅದು 2ಕ್ಕೆ ಇಳಿಯುತ್ತದೆ. ಕಾಡಂಚಿನ ಕಿರಿಯ ಪ್ರಾಥಮಿಕ ಶಾಲೆಗಳಿಗೆ ಒಂದೊಂದಾಗಿ ಸರಾಸರಿ ಕಟ್ಟಿ ಪಟ್ಟಿ ಮಾಡುವುದರಲ್ಲಿ ಅರ್ಥವಿಲ್ಲ. ಅಲ್ಲಿ ಒಂದೊಂದು ಮಗುವನ್ನೂ ಹೆಸರು ಹಿಡಿದು ಬಲ್ಲ ಮೇಷ್ಟ್ರ ಗಮನ ಮುಖ್ಯ. ಸರಾಸರಿಯನ್ನು ಅಕ್ಕಪಕ್ಕದ ಶಾಲೆಗಳು ಸೇರಿದ ಕ್ಲಸ್ಟರ್ ಮಟ್ಟದಲ್ಲಿ ನೋಡಬೇಕು.

ಮೇಷ್ಟ್ರನ್ನು ಕೇಳಿದವರಾರು?

ಮಕ್ಕಳ ನೆಮ್ಮದಿಯ ಅಳತೆಗಳು ಬಹಳ ಇವೆ. ಎನ್‌ಸಿಇಆರ್‌ಟಿ 2022ರ ಜನವರಿಯಿಂದ ಮಾರ್ಚ್‌ವರೆಗೆ 6ರಿಂದ 12ನೇ ತರಗತಿಯ 3,79,842 ವಿದ್ಯಾರ್ಥಿಗಳನ್ನು ಕೇಳಿದಾಗ, ಆತಂಕಕ್ಕೆ ಓದು, ಪರೀಕ್ಷೆ, ಫಲಿತಾಂಶಗಳೇ ಕಾರಣ ಎಂದವರು ಶೇ 81. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆಗಳಿವೆ. ಮೇಷ್ಟ್ರ ಬಗ್ಗೆ ಇಂಥ ಆಸ್ಥೆ ಕಾಣುವುದು ಅಪರೂಪ. ಅವರ ಬಗ್ಗೆ ಸರ್ಕಾರ, ಸಮಾಜ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಶಾಲೆಗೆ ಸರಿಯಾಗಿ ಬರುತ್ತಾರೋ ಇಲ್ಲವೋ?

ಆ ಪ್ರಶ್ನೆಗೂ ಒಳ್ಳೆಯ ಉತ್ತರವಿದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ಫೌಂಡೇಷನ್ 2017ರಲ್ಲಿ ಆರು ರಾಜ್ಯಗಳ 619 ಶಾಲೆಗಳನ್ನು ನೋಡಿ ಪ್ರಕಟಿಸಿದ ವರದಿಯಂತೆ, ಕಾರಣವಿಲ್ಲದೆ ಗೈರಾಗಿದ್ದ ಶಿಕ್ಷಕರು ಶೇ 2.5 ಮಾತ್ರ. ಶಾಲೆಯಲ್ಲಿ ಇರದ ಉಳಿದವರಲ್ಲಿ ಕೆಲವರು ರಜೆಯಲ್ಲಿದ್ದರು, ಕೆಲವರು ಸರ್ಕಾರಿ ಕೆಲಸದ ಮೇಲೆ ಹೋಗಿದ್ದರು. ಶಿಕ್ಷಕರ ವರ್ಷದ ಸಮಯದಲ್ಲಿ ಪಾಠಕ್ಕೆ ಸಲ್ಲುವುದು ಶೇ 19.1 ಎಂದು ಕೆಲವು ರಾಜ್ಯಗಳಲ್ಲಿ ನಡೆದ, 2018ರ ರಾಷ್ಟ್ರಮಟ್ಟದ ಸಂಸ್ಥೆಯೊಂದರ ಅಧ್ಯಯನ ಹೇಳಿತು. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್. ಆದರೂ ಬಿಸಿಯೂಟದ ಲೆಕ್ಕ, ಹಾಲು–ಮೊಟ್ಟೆಯ ಲೆಕ್ಕ, ಮಕ್ಕಳ ದಾಖಲೆಯ ಸ್ಯಾಟ್ಸ್ ಜಾಲತಾಣದಲ್ಲಿ ವಿವರ ತುಂಬುವುದು, ಒಂದರ ಮೇಲೊಂದು ತರಬೇತಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಸಂಜೆಯೊಳಗೆ ಕಳಿಸಿ’ ಎಂಬ ಸೂಚನೆ ಇವೆಲ್ಲ ಒಬ್ಬರೋ ಇಬ್ಬರೋ ಶಿಕ್ಷಕರಿರುವ ಶಾಲೆಯಲ್ಲಿ ಪಾಠದ ಹೊತ್ತನ್ನೇ ತಿನ್ನುತ್ತವೆ. 2025ರ ಸೆಪ್ಟೆಂಬರ್ 22ರಂದು ರಾಜ್ಯದಲ್ಲಿ ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಮನೆಮನೆ ಸುತ್ತಿದ ಗಣತಿದಾರರಲ್ಲೂ ಹೆಚ್ಚಿನವರು ಶಿಕ್ಷಕರೇ; ಅದಕ್ಕಾಗಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆ ಅಕ್ಟೋಬರ್ 18ರವರೆಗೆ ಮುಂದುವರಿಯಿತು.

ದಣಿವಿಗೂ ಬೇಸತ್ತು ಹೋಗುವುದಕ್ಕೂ ವ್ಯತ್ಯಾಸವಿದೆ. ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ರೂಪಿಸಿದ ಅಳತೆ ಬೇಸತ್ತು ಹೋದ ಸ್ಥಿತಿಯನ್ನು ಮೂರಾಗಿ ಬಿಡಿಸಿತು. ಮೊದಲನೆಯದು ಮನಸ್ಸು ಬರಿದಾಗುವುದು. ಎರಡನೆಯದು ಎದುರಿಗಿರುವವರ ಬಗ್ಗೆ ಅಕ್ಕರೆ ಒಣಗುವುದು. ಮಗು ಹೆಸರಿನಿಂದ ಕಾಣದೆ ತಲೆಲೆಕ್ಕವಾಗಿ ಕಾಣತೊಡಗುವುದು. ಮೂರನೆಯದು ‘ನನ್ನಿಂದ ಏನೂ ಆಗುತ್ತಿಲ್ಲ’ ಎಂಬ ಭಾವ. ಮೂರನ್ನೂ ಒಂದೇ ಅಂಕೆಗೆ ಕೂಡಿಸಬಾರದು, ಏಕೆಂದರೆ ಮೂರಕ್ಕೂ ಪರಿಹಾರ ಬೇರೆ. ಬರಿದಾದ ಮನಸ್ಸಿಗೆ ಕೆಲಸದ ಹೊರೆ ಇಳಿಯಬೇಕು. ‘ಏನೂ ಆಗುತ್ತಿಲ್ಲ’ ಎನ್ನುವವರಿಗೆ ತಮ್ಮ ತರಗತಿಯ ಮೇಲೆ ತಮಗೇ ಅಧಿಕಾರ ಬೇಕು. 1995ರಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರು ಕಾರ್ಡು ಬರೆದು, ಹಾಡು ಕಟ್ಟಿ ಕಲಿಸಿದಾಗ ಅವರ ಕೈಯಲ್ಲಿದ್ದದ್ದು ಇದೇ. ರಾಜ್ಯಕ್ಕೆಲ್ಲ ಒಂದೇ ಅಚ್ಚಿನ ಕಾರ್ಡು ಬರತೊಡಗಿದ ಮೇಲೆ ಆ ಒಡೆತನ ಎಷ್ಟು ಉಳಿಯಿತು ಎಂಬುದನ್ನು ಶಿಕ್ಷಕರ ನೆಮ್ಮದಿಯ ಪ್ರಶ್ನಾವಳಿಯಲ್ಲಿ ಕೇಳಲೇಬೇಕು.

ಮೇಷ್ಟ್ರ ಮನಸ್ಸು ಮೇಷ್ಟ್ರಲ್ಲೇ ನಿಲ್ಲುವುದಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಇವಾ ಓಬರ್ಲೆ ಮತ್ತು ಕಿಂಬರ್ಲಿ ಶೋನರ್ಟ್-ರೈಕಲ್ ನಡೆಸಿದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾಲ್ಕರಿಂದ ಏಳನೇ ತರಗತಿಯ 406 ಮಕ್ಕಳ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದರು. ಅವರ 17 ಶಿಕ್ಷಕರಿಂದ ಬೇಸರದ ಪ್ರಶ್ನಾವಳಿ ತುಂಬಿಸಿದರು. ಹೆಚ್ಚು ಬೇಸತ್ತ ಶಿಕ್ಷಕರ ತರಗತಿಗಳಲ್ಲಿ ಮಕ್ಕಳ ಬೆಳಗಿನ ಕಾರ್ಟಿಸಾಲ್ ಹೆಚ್ಚಿತ್ತು. ಶಿಕ್ಷಕರ ಒತ್ತಡ ಮಕ್ಕಳಿಗೆ ದಾಟಿತೋ, ಕಷ್ಟದ ಮಕ್ಕಳ ತರಗತಿ ಶಿಕ್ಷಕರನ್ನು ದಣಿಸಿತೋ ಎಂಬುದನ್ನು ಈ ಅಧ್ಯಯನದಿಂದ ಬೇರ್ಪಡಿಸಲಾಗದು; ಎರಡೂ ಸೇರಿ ಸುತ್ತುತ್ತಿರಬಹುದು. ಆದರೆ ಮಕ್ಕಳ ನೆಮ್ಮದಿಯನ್ನೊಂದು ಫೈಲಿನಲ್ಲಿ, ಮೇಷ್ಟ್ರ ನೆಮ್ಮದಿಯನ್ನು ಇನ್ನೊಂದರಲ್ಲಿ ಇಡುವ ನಮ್ಮ ಪದ್ಧತಿ ತಪ್ಪು ಎನ್ನಲು ಇಷ್ಟು ಸಾಕು. ಒಂದೇ ಕೊಠಡಿಯ ಗಾಳಿಯನ್ನು ಇಬ್ಬರೂ ಉಸಿರಾಡುತ್ತಾರೆ.

ಬಿಹಾರದ ಪಾಠ

ಅಳೆದು ಏನು ಪ್ರಯೋಜನ, ಬದಲಾವಣೆ ಆಗುತ್ತದೆಯೇ ಎಂಬ ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ನಮ್ಮ ದೇಶದಲ್ಲೇ ಸಿಕ್ಕ ಗಟ್ಟಿ ಉತ್ತರ ಬಿಹಾರದ ನಳಂದಾ ಜಿಲ್ಲೆಯದು. ಅಲ್ಲಿನ 74 ಸರ್ಕಾರಿ ಪ್ರೌಢಶಾಲೆಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ, ಒಂಬತ್ತನೇ ತರಗತಿಯ ಮಕ್ಕಳ ನಡುವೆ ‘ಸೆಹೆರ್’ ಎಂಬ ಕಾರ್ಯಕ್ರಮ ನಡೆಸಿದರು. 2018ರಲ್ಲಿ ಅದರ ಫಲಿತಾಂಶ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಒಂದು ಗುಂಪಿನ ಶಾಲೆಗಳಲ್ಲಿ ತರಬೇತಿ ಪಡೆದ ಸ್ಥಳೀಯ ಆಪ್ತಸಮಾಲೋಚಕರೊಬ್ಬರು ಅದೇ ಕೆಲಸಕ್ಕೆಂದು ಇದ್ದರು. ಇನ್ನೊಂದು ಗುಂಪಿನಲ್ಲಿ ಅದೇ ಕೆಲಸವನ್ನು ಇರುವ ಶಿಕ್ಷಕರಿಗೇ ವಹಿಸಿದ್ದರು. ಮೂರನೆಯ ಗುಂಪಿನಲ್ಲಿ ಎಂದಿನ ಜೀವನ ಕೌಶಲ ಪಾಠ ಮಾತ್ರ. ಅಳೆದದ್ದು ಶಾಲೆಯ ವಾತಾವರಣವನ್ನು: ಮಕ್ಕಳ ನಡುವಿನ, ಮಕ್ಕಳು–ಶಿಕ್ಷಕರ ನಡುವಿನ ಸಂಬಂಧ, ಶಾಲೆ ನನ್ನದು ಎಂಬ ಭಾವ, ಮಾತಿಗೆ ಬೆಲೆ ಇದೆ ಎಂಬ ನಂಬಿಕೆ. ಜೊತೆಗೆ ಖಿನ್ನತೆ, ಕೀಟಲೆ–ಹಿಂಸೆಗಳನ್ನೂ ಅಳೆದರು.

ಆಪ್ತಸಮಾಲೋಚಕರಿದ್ದ ಶಾಲೆಗಳಲ್ಲಿ ವಾತಾವರಣ ಬಹಳ ಸುಧಾರಿಸಿತು, ಖಿನ್ನತೆಯೂ ಹಿಂಸೆಯೂ ಇಳಿದವು. ಶಿಕ್ಷಕರಿಗೇ ಹೊರಿಸಿದ ಶಾಲೆಗಳಲ್ಲಿ ಎಂದಿನ ಶಾಲೆಗಳಿಗಿಂತ ವ್ಯತ್ಯಾಸವೇ ಕಾಣಲಿಲ್ಲ. ಶಾಲೆಯ ವಾತಾವರಣವನ್ನು ಅಳೆಯಬಹುದು, ಬದಲಿಸಬಹುದು ಎಂಬುದು ಇದರ ಒಂದು ಪಾಠ. ನಮ್ಮ ನೀತಿಗಳು ಮರೆಯುವ ಇನ್ನೊಂದು ಪಾಠ, ಈಗಾಗಲೇ ಹೊರೆ ಹೊತ್ತಿರುವವರ ಮೇಲೆ ನೆಮ್ಮದಿಯ ಕಾರ್ಯಕ್ರಮವನ್ನೂ ಹೇರಿದರೆ ಅದು ಇನ್ನೊಂದು ಹೊರೆಯಾಗಿಬಿಡುತ್ತದೆ.

ಅಂಕೆ ಯಾರ ಕೈಗೆ?

ಅಮೆರಿಕದ ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲಿ ಒಂದು ಎಚ್ಚರಿಕೆ ಕೊಟ್ಟರು: ಯಾವುದಾದರೂ ಅಂಕಿಯನ್ನು ನಿರ್ಧಾರಗಳಿಗೆ ಎಷ್ಟು ಹೆಚ್ಚು ಬಳಸುತ್ತೇವೋ ಆ ಅಂಕಿ ಅಷ್ಟೇ ಹೆಚ್ಚು ಕೆಡುತ್ತದೆ, ಅದು ಅಳೆಯಬೇಕಿದ್ದ ಕೆಲಸವನ್ನೂ ಕೆಡಿಸುತ್ತದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಜಿಲ್ಲೆಗೆ ಎಷ್ಟನೇ ಸ್ಥಾನ ಎಂಬ ಪೈಪೋಟಿಯ ಒತ್ತಡವನ್ನು ನಾವು ಬಲ್ಲೆವು. ನಾಳೆ ‘ನೆಮ್ಮದಿಯಲ್ಲಿ ಮೊದಲ ಸ್ಥಾನದ ತಾಲ್ಲೂಕು’ ಎಂಬ ಪಟ್ಟಿ ಬಂದರೆ, ನಾಡಿದ್ದು ಮಕ್ಕಳಿಗೆ ಸಂತೋಷದ ಉತ್ತರ ಬಾಯಿಪಾಠ ಮಾಡಿಸಲಾಗುತ್ತದೆ. ಕಡಿಮೆ ಅಂಕ ಬಂದ ಶಾಲೆಗೆ ನೋಟಿಸು ಹೋದರೆ, ಮುಂದಿನ ವರ್ಷ ಆ ಶಾಲೆಯಲ್ಲಿ ಯಾರೂ ದುಃಖದಲ್ಲಿ ಇರುವುದಿಲ್ಲ, ಕಾಗದದ ಮೇಲೆ.

ಹಾಗಾಗಿ ಈ ಸೀಮೆಗೆ ಹೊಂದುವ ಅಳತೆಯ ಕ್ರಮವನ್ನು ಹೀಗೆ ಕಟ್ಟಬಹುದು. ವರ್ಷಕ್ಕೆ ಎರಡು ಸಲ, ಪ್ರತಿ ವರ್ಷ ಅದೇ ತಿಂಗಳುಗಳಲ್ಲಿ ಕೇಳಬೇಕು. ಹೊಗೆಸೊಪ್ಪಿನ ಮತ್ತು ಕಾಫಿಯ ಕಾಲವನ್ನು ಲೆಕ್ಕಕ್ಕೆ ಹಿಡಿಯಬೇಕು. ಒಂದು ಶಾಲೆಯನ್ನು ಅದರದೇ ಹಿಂದಿನ ವರ್ಷದ ಜೊತೆ ಹೋಲಿಸಬೇಕು, ಪಕ್ಕದ ತಾಲ್ಲೂಕಿನ ಜೊತೆಯಲ್ಲ. ಹತ್ತು ವರ್ಷ ದಾಟಿದ ಮಕ್ಕಳಿಗೆ ಐದಾರು ಪ್ರಶ್ನೆ ಸಾಕು. ಅದಕ್ಕಿಂತ ಚಿಕ್ಕವರನ್ನು ಪ್ರಶ್ನಾವಳಿಯಿಂದ ಕಾಡದೆ ಆಟದಲ್ಲಿ, ಊಟದ ಸಾಲಿನಲ್ಲಿ ಗಮನಿಸಬೇಕು. ಅದೇ ವಾರ ಶಿಕ್ಷಕರನ್ನೂ, ಅತಿಥಿ ಶಿಕ್ಷಕರನ್ನೂ, ಅಡುಗೆಯವರನ್ನೂ ಕೇಳಬೇಕು. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಹೆಸರಿಲ್ಲದ ಉತ್ತರವೂ ಯಾರದೆಂದು ಗೊತ್ತಾಗುತ್ತದೆ. ಆದ್ದರಿಂದ ಶಿಕ್ಷಕರ ಉತ್ತರಗಳು ಕ್ಲಸ್ಟರಿನ ಒಟ್ಟು ಅಂಕೆಯಾಗಿ ಮಾತ್ರ ಹೊರಬರಬೇಕು, ಬಿಡಿ ಉತ್ತರ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ತಲುಪಕೂಡದು. ವರ್ಗಾವಣೆಗೋ ಬಡ್ತಿಗೋ ಅದನ್ನು ಎಂದೂ ಬಳಸಬಾರದು.

ಎಲ್ಲಕ್ಕಿಂತ ಮುಖ್ಯ, ಕೇಳುವ ಮೊದಲೇ ನೆರವಿನ ದಾರಿ ಸಿದ್ಧವಿರಬೇಕು. ‘ನನಗೆ ಬದುಕೇ ಬೇಡ ಅನ್ನಿಸುತ್ತದೆ’ ಎಂದು ಒಂದು ಮಗು ಬರೆದರೆ ಆ ಹಾಳೆ ಮೂರು ತಿಂಗಳ ನಂತರ ಕಂಪ್ಯೂಟರಿಗೆ ಏರುವಂತಾಗಬಾರದು. ಅದೇ ದಿನ ತರಬೇತಿ ಪಡೆದ ಹಿರಿಯರೊಬ್ಬರು ಆ ಮಗುವಿನ ಪಕ್ಕ ಕೂತಿರಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ, ಕನ್ನಡದಲ್ಲೂ ಮಾತಾಡಬಹುದಾದ ಟೆಲಿ-ಮಾನಸ್‌ನ 14416 ಮತ್ತು ಮಕ್ಕಳ ಸಹಾಯವಾಣಿ 1098 ಪ್ರತಿ ಶಾಲೆಯ ಗೋಡೆಯ ಮೇಲೆ ಮಕ್ಕಳ ಕಣ್ಣೆತ್ತರಕ್ಕೆ ಇರಬೇಕು. ಫಲಿತಾಂಶ ಮೊದಲು ಬರಬೇಕಾದದ್ದು ಉತ್ತರ ಕೊಟ್ಟವರ ಬಳಿಗೆ. ‘ನೀವು ಶೌಚಾಲಯಕ್ಕೆ ಹೋಗಲು ಹೆದರುತ್ತೇವೆ ಎಂದಿರಿ, ಚಿಲಕ ಹಾಕಿಸಿದ್ದೇವೆ’ ಎಂದು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಮಕ್ಕಳ ಎದುರು ಹೇಳಿದರೆ, ಮುಂದಿನ ಸಲ ಮಕ್ಕಳು ‘ಹೂಂ ಸಾರ್’ ಬಿಟ್ಟು ನಿಜ ಹೇಳುತ್ತಾರೆ. ‘ನಿಮ್ಮ ಹೊರೆಯಲ್ಲಿ ಈ ಮೂರು ವರದಿಗಳನ್ನು ಕೈಬಿಟ್ಟಿದ್ದೇವೆ’ ಎಂದು ಇಲಾಖೆ ಶಿಕ್ಷಕರಿಗೆ ಹೇಳಿದರೆ ಅವರೂ ನಿಜ ಹೇಳುತ್ತಾರೆ.

ನೆಮ್ಮದಿಯ ಅಳತೆ ಎಷ್ಟು ಸತ್ಯವಾಗಿದೆ ಎಂಬುದು ಪ್ರಶ್ನೆಗಳ ಜಾಣ್ಮೆಗಿಂತ ಹೆಚ್ಚಾಗಿ, ಹಿಂದಿನ ಉತ್ತರಕ್ಕೆ ನಾವು ಏನು ಮಾಡಿದೆವು ಎಂಬುದರ ಮೇಲೆ ನಿಂತಿದೆ. ಕೇಳಿ ಸುಮ್ಮನಾಗುವವರಿಗೆ ಯಾವ ಮಗುವೂ ಎರಡನೆಯ ಸಲ ಮನಸ್ಸು ಬಿಚ್ಚುವುದಿಲ್ಲ, ಯಾವ ಮೇಷ್ಟ್ರೂ ಬಿಚ್ಚುವುದಿಲ್ಲ. ಮಕ್ಕಳ ಭಯ ಕಳೆಯಬೇಕೆಂದು ಹೊರಟ ಶಿಕ್ಷಕರು ಈ ತಾಲ್ಲೂಕಿನಲ್ಲಿ ಮೂವತ್ತು ವರ್ಷಗಳ ಹಿಂದೆಯೇ ಇದ್ದರು. ಅಂಥ ಶಿಕ್ಷಕರನ್ನೂ ಅವರ ಮಕ್ಕಳನ್ನೂ ಒಂದೇ ಹಾಳೆಯ ಮೇಲೆ ಕೇಳಿ, ಕೇಳಿದ್ದಕ್ಕೆ ಕೆಲಸದಿಂದ ಉತ್ತರಿಸುವುದು ಈಗ ಇಲಾಖೆಯ ಮತ್ತು ಊರಿನ ಪಾಲಿನ ಕರ್ತವ್ಯ.